ಸೂತಕದವಳ ಬ್ಯಾಸ್ಕೆಟ್‌ಬಾಲ್ ಟಿಕೆಟ್

ಬ್ಯಾಸ್ಕೆಟ್‌ಬಾಲ್ ಎಂದರೆ ನನ್ನ ಪಾಲಿಗೆ ಉದ್ದುದ್ದ ಗಂಡಸರು ಬುಟ್ಟಿಗೆ ಚೆಂಡು ಹಾಕುವ ಆಟ, ಅಷ್ಟೇ. ನಿಮಿಷಕ್ಕೊಮ್ಮೆ ಸೀಟಿ ಯಾಕೆ ಊದುತ್ತಾರೆ, ಒಮ್ಮೆ ಎರಡು ಅಂಕ ಕೊಟ್ಟವರು ಇನ್ನೊಮ್ಮೆ ಮೂರು ಯಾಕೆ ಕೊಡುತ್ತಾರೆ, ಇವತ್ತಿಗೂ ತಲೆಬುಡ ತಿಳಿಯದು. ಇಂಥ ನಾನು ಆ ಆಟದ ಒಂದು ಟಿಕೆಟ್ಟಿಗಾಗಿ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಮೊಬೈಲ್ ಅಂಗಡಿಯೊಂದರಲ್ಲಿ ಅಕ್ಷರಶಃ ಕೈಮುಗಿದು ನಿಂತೆ. ತಪ್ಪು ನನ್ನದೇ. ನನ್ನದು ಮೊದಲೇ ಮುಂಗೋಪ, ಅದರ ಮೇಲೆ ಎಲ್ಲ ಗೊತ್ತು ಎನ್ನುವ ಧಿಮಾಕು ಬೇರೆ.

ನಾನು ಕೆಲಸ ಮಾಡುವ ಕ್ಲಿನಿಕ್ಕಿನಲ್ಲಿ ಒಬ್ಬ ಫಿಲಿಪಿನೋ ನರ್ಸ್ ಇದ್ದಾಳೆ. ಅವಳು ರಕ್ತ ತೆಗೆದು ಕಳಿಸುತ್ತಾಳೆ, ಲ್ಯಾಬಿನಲ್ಲಿ ಕೂತ ನಾನು ಪರೀಕ್ಷೆ ಮಾಡುತ್ತೇನೆ. ಎಂಟು ವರ್ಷದಿಂದ ಹೀಗೇ ನಡೆದಿದೆ. ನನಗಿಂತ ಹತ್ತು ವರ್ಷ ಚಿಕ್ಕವಳು, ನನ್ನನ್ನು 'ಆತೆ' ಎಂದು ಕರೆಯುತ್ತಾಳೆ. ಅವರ ಭಾಷೆಯಲ್ಲಿ ಅಕ್ಕ ಎಂದರ್ಥ. ನಾವಿಬ್ಬರೂ ಆಡುವುದು ನಮ್ಮದೇ ಮುರುಕು ಇಂಗ್ಲಿಷು. ಅದನ್ನಿಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ, ಹಾಗಾದರೂ ಚೆನ್ನಾಗಿ ಕೇಳಲಿ.

ಅವರ ದೇಶದ ಎರಡು ದೊಡ್ಡ ವೃತ್ತಿಪರ ತಂಡಗಳು ದುಬೈಗೆ ಬಂದು ಪ್ರದರ್ಶನ ಪಂದ್ಯ ಆಡುತ್ತವೆ ಎಂದು ಗೊತ್ತಾದ ದಿನ ಅವಳು ಲ್ಯಾಬಿನೊಳಗೆ ಕುಣಿದುಕೊಂಡು ಬಂದಳು. ಕೈಯಲ್ಲಿ ಎರಡು ಟಿಕೆಟ್. ಒಂದು ಅವಳದು, ಇನ್ನೊಂದು ಬಲವಂತದ ಮಾಘಸ್ನಾನದ ಹಾಗೆ ನನ್ನದು.

"ಗೆದ್ದೋರಿಗೆ ಏನು ಸಿಗುತ್ತೆ?" ಎಂದು ಕೇಳಿದೆ.

"ಏನೂ ಸಿಗಲ್ಲ. ಕಪ್ಪಿಲ್ಲ, ಲೆಕ್ಕಕ್ಕೂ ಇಲ್ಲ."

"ಮತ್ತೆ ಅಷ್ಟು ದೂರದಿಂದ ಯಾಕೆ ಬರ್ತಾರೆ?"

"ನಮ್ಮನ್ನ ನೋಡೋಕೆ ಆತೆ," ಎಂದಳು, ಇದೂ ಗೊತ್ತಿಲ್ಲವೇ ಎನ್ನುವ ಹಾಗೆ.

ಸೀಟುಗಳು ಹಳದಿ ಅಂಗಿಯ ತಂಡ ಕೂರುವ ಬೆಂಚಿನ ಹಿಂದೆಯೇ ಇದ್ದವು. ಅದು ಅವಳ ಅಪ್ಪನ ತಂಡ. ಆ ಮನುಷ್ಯ ಹುಡುಗನಾಗಿದ್ದಾಗಿನಿಂದ ಆ ತಂಡದ ಒಂದು ಪಂದ್ಯವನ್ನೂ ಬಿಟ್ಟವರಲ್ಲವಂತೆ. ಬೆಂಚಿನ ಹಿಂದೆ ಕೂತರೆ ಟಿವಿಯಲ್ಲಿ ಮುಖ ಕಾಣುತ್ತದೆ, ಅಪ್ಪ ನೋಡುತ್ತಾರೆ ಎಂದು ಅವಳ ಆಸೆ. ಒಂದೇ ಕೋಣೆಯಲ್ಲಿ ಆರು ಜನರ ಜೊತೆ ಮಂಚವೊಂದನ್ನಷ್ಟೇ ಬಾಡಿಗೆಗೆ ಕೊಡುವ ಬೆಡ್‌ಸ್ಪೇಸಿನಲ್ಲಿರುವವಳು, ಅಲ್ಲಿ ಟಿಕೆಟ್ ಇಟ್ಟರೆ ಎಲ್ಲಿ ಕಳೆದುಹೋಗುತ್ತದೋ ಎಂದು ಎರಡನ್ನೂ ನನ್ನ ಡ್ರಾಯರಿನಲ್ಲಿಟ್ಟು ಹೋದಳು.

ಪಂದ್ಯ ಶನಿವಾರ. ಅದೇ ವಾರದ ಸೋಮವಾರ ಬೆಳಿಗ್ಗೆ ಅವಳ ಅಪ್ಪ ತೀರಿಕೊಂಡರು.

ಅವಳು ಊರಿಗೆ ಹೋಗುವಂತಿರಲಿಲ್ಲ. ನಮ್ಮ ಕ್ಲಿನಿಕ್ಕನ್ನು ಬೇರೆಯವರು ಕೊಂಡಿದ್ದರು, ಎಲ್ಲರ ವೀಸಾ ಹೊಸ ಕಂಪನಿಯ ಹೆಸರಿಗೆ ಬದಲಾಗುತ್ತಿತ್ತು. ಅವಳದು ಅರ್ಧಕ್ಕೆ ಬಂದು ನಿಂತಿತ್ತು. ಈಗ ದೇಶ ಬಿಟ್ಟು ಹೋದರೆ ಮತ್ತೆ ಒಳಗೆ ಬರುವುದು ಖಾತ್ರಿಯಿಲ್ಲ ಎಂದು ಆಫೀಸಿನವರು ಹೇಳಿಬಿಟ್ಟರು. ನಾನು ಅವರೊಂದಿಗೆ ಜಗಳವಾಡಿದೆ, ಗಂಟಲು ಹರಿದುಕೊಂಡೆ. ಏನೂ ಪ್ರಯೋಜನವಾಗಲಿಲ್ಲ.

ಮಂಗಳವಾರ ಸಂಜೆ ಅವಳನ್ನು ಮಾತಾಡಿಸಲು ಹೋದೆ. ಬಾಗಿಲು ತೆಗೆದಾಗ ನಾನು ತಪ್ಪಿ ಬೇರೆ ಮನೆಗೆ ಬಂದೆನೇನೋ ಅನ್ನಿಸಿತು. ಮೂಲೆಯಲ್ಲಿ ಅವಳ ಅಪ್ಪನ ಫೋಟೊ, ಮುಂದೊಂದು ಮೇಣದಬತ್ತಿ, ಅಲ್ಲಿಯತನಕ ಸರಿ. ಆದರೆ ಅದರ ಪಕ್ಕದಲ್ಲೇ ನಾಲ್ಕು ಜನ ನೆಲದ ಮೇಲೆ ಕೂತು ಇಸ್ಪೀಟು ಆಡುತ್ತಿದ್ದರು! ಬಿಸ್ಕತ್ತು, ಜ್ಯೂಸು, ನಗು. ಒಬ್ಬಳು ನನ್ನ ಕೈಗೆ ನೂಡಲ್ಸಿನ ತಟ್ಟೆ ಕೊಡಲು ಬಂದಳು. ಸಾವಿನ ಮನೆಯಲ್ಲಿ ತಿನ್ನುವುದುಂಟೆ? ಬೇಡವೇ ಬೇಡ ಎಂದು ಕೈ ಹಿಂದಕ್ಕೆ ಕಟ್ಟಿಕೊಂಡೆ. ನನ್ನ ಗೆಳತಿ ಮಂಚದ ಅಂಚಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು. ಪಾಪ, ಎಂಥ ನಾಚಿಕೆಗೆಟ್ಟವರ ನಡುವೆ ಸಿಕ್ಕಿಹಾಕಿಕೊಂಡಿದ್ದಾಳೆ ಎಂದು ನನ್ನ ಹೊಟ್ಟೆ ಉರಿಯಿತು.

ನನ್ನ ಅಪ್ಪ ಹೋದಾಗ ಹದಿಮೂರು ದಿನ ನಮ್ಮ ಮನೆಯಲ್ಲಿ ಟಿವಿ ಹಾಕಿರಲಿಲ್ಲ, ಒಗ್ಗರಣೆಯ ಸದ್ದಿರಲಿಲ್ಲ. ಪಕ್ಕದ ಮನೆಯವರು ಗೊತ್ತಿಲ್ಲದೆ ಮಗುವಿನ ನಾಮಕರಣಕ್ಕೆ ಕರೆಯಲು ಬಂದಿದ್ದರು. ಸೋದರತ್ತೆ ಅವರನ್ನು ಗೇಟಿನಲ್ಲೇ ನಿಲ್ಲಿಸಿ ಮುಖಕ್ಕೆ ಮಂಗಳಾರತಿ ಎತ್ತಿ ಕಳಿಸಿದರು. ಸಾವಾದ ಮನೆಗೆ ಸಂಭ್ರಮದ ಕಾಗದ ಹೋಗಬಾರದು ಎನ್ನುವುದು ನನಗೆ ಅಷ್ಟು ಚೆನ್ನಾಗಿ ಬುದ್ಧಿಯಲ್ಲಿ ಕೂತಿತ್ತು. ಹೀಗಾಗಿ ಬುಧವಾರ ಡ್ರಾಯರ್ ಎಳೆದಾಗ ಆ ಎರಡು ಟಿಕೆಟ್ಟುಗಳು ಕಣ್ಣಿಗೆ ಬಿದ್ದದ್ದೇ ತಡ, ಇವು ಅವಳ ಕಣ್ಣಿಗೆ ಬೀಳಲೇಬಾರದು, ನೋಡಿದರೆ ಸಂಕಟವಾಗುತ್ತದೆ ಎಂದುಕೊಂಡೆ. ಸಂಜೆ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಭಟ್ಕಳದ ಭಾಯ್ ಹತ್ತಿರ ಹೋಗಿ ಎರಡನ್ನೂ ಕೊಟ್ಟುಬಂದೆ. ಅವರ ಕೌಂಟರಿನಲ್ಲಿ ನಲವತ್ತು ದಾಟಿದ ಫಿಲಿಪಿನೋ ಸೇಲ್ಸ್‌ಮನ್ ಒಬ್ಬನಿದ್ದ. ಟಿಕೆಟ್ ಸಿಗಲಿಲ್ಲವೆಂದು ವಾರವಿಡೀ ಮುಖ ಊದಿಸಿಕೊಂಡಿದ್ದಾನೆ ಎಂದು ಭಾಯ್ ಹಿಂದೆ ಹೇಳಿದ್ದರು. ಒಳ್ಳೆಯ ಕೆಲಸ ಮಾಡಿದೆನೆಂದು ಆ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದೆ ಬೇರೆ.

ಶುಕ್ರವಾರ ಅವಳು ಕೆಲಸಕ್ಕೆ ಬಂದಳು. ಯೂನಿಫಾರ್ಮಿನ ಮೇಲೆ ದುಃಖದ ಗುರುತಾಗಿ ಪುಟ್ಟ ಕಪ್ಪು ಪಿನ್ನು. ರಕ್ತದ ಟ್ಯೂಬುಗಳನ್ನು ಮೇಜಿನ ಮೇಲಿಟ್ಟು, "ಆತೆ, ನಾಳೆ ಎಷ್ಟು ಗಂಟೆ ಬಸ್ಸಿಗೆ ಹೊರಡೋಣ?" ಎಂದು ಕೇಳಿದಳು.

"ಎಲ್ಲಿಗೆ?"

"ಮ್ಯಾಚಿಗೆ."

ನಾನು ಕಣ್ಣು ಕಣ್ಣು ಬಿಟ್ಟೆ. ದುಃಖದಲ್ಲಿ ಬುದ್ಧಿ ಏರುಪೇರಾಗಿದೆಯೇ ಎಂದು ಅವಳ ಮುಖ ನೋಡಿದೆ. ಅವಳು ನಿಧಾನವಾಗಿ, ರೋಗಿಗೆ ಔಷಧಿ ವಿವರಿಸುವ ಹಾಗೆ ಹೇಳಿದಳು. ಅವರ ಊರಿನಲ್ಲಿ ಸತ್ತವರನ್ನು ತಕ್ಷಣ ಮಣ್ಣು ಮಾಡುವುದಿಲ್ಲ. ಪೆಟ್ಟಿಗೆಯನ್ನು ಮನೆಯ ಹಾಲಿನಲ್ಲೇ ಇಡುತ್ತಾರೆ. ಹಗಲೂ ರಾತ್ರಿ ಯಾರಾದರೂ ಎಚ್ಚರವಿರಬೇಕು, ಸತ್ತವರನ್ನು ಒಂಟಿಯಾಗಿ ಬಿಡುವಂತಿಲ್ಲ. ಅದಕ್ಕೇ ಇಸ್ಪೀಟು, ಅದಕ್ಕೇ ಊಟ, ಹರಟೆ. ಪರದೇಶದಲ್ಲಿರುವ ಮಕ್ಕಳು ಬಂದು ಮುಖ ನೋಡುವತನಕ ಕಾಯುತ್ತಾರೆ.

"ನನಗೆ ಬರೋಕಾಗಲ್ಲ ಅಂತ ಅಮ್ಮನಿಗೆ ಹೇಳಿದೆ. ಅವಳು ಹೇಳಿದ್ಲು, ಶನಿವಾರ ಪೆಟ್ಟಿಗೆ ಎದುರಿಗೇ ಟಿವಿ ಹಾಕ್ತೀವಿ, ನೀನು ಅಲ್ಲಿಂದ ಬಾ. ಊರೆಲ್ಲ ಕೂತು ನೋಡುತ್ತೆ. ಭಾನುವಾರ ಬೆಳಿಗ್ಗೆ ಮಣ್ಣು. ಬೆಂಚ್ ಹಿಂದಿನ ಸೀಟು ಆತೆ. ಒಂದ್ಸಲ ಕಂಡ್ರೂ ಸಾಕು. ಟಿಕೆಟ್ ಭದ್ರವಾಗಿದೆ ತಾನೆ?"

"ಮನೇಲಿದೆ, ಭದ್ರವಾಗಿದೆ," ಎಂದೆ. ಆ ಸುಳ್ಳು ಅದೆಷ್ಟು ಸರಾಗವಾಗಿ ಬಂತೋ, ನನಗೇ ಗಾಬರಿಯಾಯಿತು.

ಅವಳು ಅತ್ತ ಹೋದಮೇಲೆ ರುವೈಸ್‌ನಲ್ಲಿರುವ ಗಂಡನಿಗೆ ಫೋನು ಮಾಡಿದೆ. ಅವರು ಅಲ್ಲಿನ ರಿಫೈನರಿಯಲ್ಲಿ ಎಂಜಿನಿಯರು, ವಾರಕ್ಕೊಮ್ಮೆ ಮನೆಗೆ ಬರುವವರು. ಎಲ್ಲ ಕೇಳಿ, "ಅಲ್ಲ ಕಣೇ, ಬೇರೆಯೋರ ಟಿಕೆಟ್ನ ದಾನ ಮಾಡು ಅಂತ ನಿಂಗ್ಯಾರು ಹೇಳಿದ್ದು?" ಎಂದರು. ಸರಿಯಾಗಿಯೇ ಕೇಳಿದ್ದರು. ಆದ್ದರಿಂದಲೇ ಸಿಟ್ಟು ಬಂದು ಫೋನಿಟ್ಟೆ.

ಡ್ಯೂಟಿ ಮುಗಿದದ್ದೇ ಎಲೆಕ್ಟ್ರಾ ಸ್ಟ್ರೀಟಿಗೆ ಓಡಿದೆ. ಭಾಯ್ ಯಾರಿಗೋ ಚಾರ್ಜರ್ ತೋರಿಸುತ್ತಿದ್ದರು.

"ಭಾಯ್, ಆ ಟಿಕೆಟ್ ವಾಪಸ್ ಬೇಕು."

"ಎಂತ ಅಕ್ಕಾ, ಕೊಟ್ಟದ್ದನ್ನ ವಾಪಸ್ ಕೇಳೂದಾ? ಅವ್ನಿಗೆ ಕೊಟ್ಟಾಯ್ತು, ಖಲಾಸ್. ಎರಡು ದಿವ್ಸದಿಂದ ಹಾಡ್ ಹೇಳ್ತಾ ಕೆಲ್ಸ ಮಾಡ್ತಾ ಉಂಟು ಅವ."

ನಾನು ಕೈಮುಗಿದು ಎಲ್ಲ ಹೇಳಿದೆ. ಭಾಯ್ ಚಾರ್ಜರನ್ನು ಕೆಳಗಿಟ್ಟರು. ಆಮೇಲೆ ಸೇಲ್ಸ್‌ಮನ್ನನ್ನು ಕರೆದು, ಹಿಂದಿ ಇಂಗ್ಲಿಷು ಬೆರೆಸಿ ತಾವೇ ವಿಷಯ ತಿಳಿಸಿದರು. ಆ ಮನುಷ್ಯ ಪರ್ಸಿನಿಂದ ಟಿಕೆಟ್ ತೆಗೆದು ಕೌಂಟರಿನ ಮೇಲಿಟ್ಟ. ಒಂದೇ ಟಿಕೆಟ್. ಇನ್ನೊಂದು ದುಬೈಯಲ್ಲಿ ಮನೆಕೆಲಸಕ್ಕಿರುವ ಅವನ ಹೆಂಡತಿಯ ಹತ್ತಿರ ಹೋಗಿತ್ತು. ವಾರಕ್ಕೊಂದು ದಿನ ಮಾತ್ರ ಅವರ ಭೇಟಿ, ಈ ಸಲ ಭೇಟಿ ಪಂದ್ಯದಲ್ಲಿ ಎಂದು ನಿಶ್ಚಯವಾಗಿತ್ತು.

"ಅವಳು ನಿಮ್ಮ ಫ್ರೆಂಡ್ ಪಕ್ಕ ಕೂರ್ತಾಳೆ," ಎಂದ. "ಇಂಥ ದಿನ ಒಬ್ಬರೇ ಕೂರಬಾರದು."

"ಮತ್ತೆ ನೀವು?"

"ನಾನು ಹೊರಗೆ ನಿಂತ್ಕೊಂಡು ಫೋನಲ್ಲಿ ನೋಡ್ತೀನಿ." "ನನ್ನದು ಕೆಂಪು ಅಂಗಿ ತಂಡ," ಎಂದು ಸೇರಿಸಿದ. ಹಳದಿಯವರ ಹಿಂದಿನ ಸೀಟು ಹೋದರೆ ತನಗೇನೂ ನಷ್ಟವಿಲ್ಲ ಎಂದು ನನ್ನನ್ನು ಸಮಾಧಾನ ಮಾಡಲು ಹಾಗೆ ಹೇಳಿದ ಎನ್ನುವುದು ಆಗ ಅರ್ಥವಾಗಲಿಲ್ಲ.

ಶನಿವಾರ ಮಧ್ಯಾಹ್ನಕ್ಕೆ ಮುಂಚೆ ಬಸ್ ಸ್ಟೇಷನ್ನಿಗೆ ಬಂದ ನನ್ನ ಗೆಳತಿಯನ್ನು ನೋಡಿ ನನ್ನ ಕಾಲು ನೆಲಕ್ಕಂಟಿತು. ಕೆಂಪು ಲಿಪ್‌ಸ್ಟಿಕ್. ತೊಳೆದು ತೊಳೆದು ಬಣ್ಣ ಮಾಸಿದ, ಮೊಣಕಾಲಿಗೆ ಬರುವ ಹಳದಿ ಜೆರ್ಸಿ. ಅದು ಅವಳ ಅಪ್ಪನದು. ತಂಡ ಯಾವತ್ತಾದರೂ ಅಲ್ಲಿಗೆ ಬಂದರೆ ಹಾಕಿಕೋ ಎಂದು ಹೋದ ವರ್ಷ ಊರಿನವರೊಬ್ಬರ ಕೈಯಲ್ಲಿ ಕಳಿಸಿದ್ದರಂತೆ. ಸತ್ತವರ ಬಟ್ಟೆ, ಅದೂ ಸತ್ತ ವಾರದಲ್ಲೇ, ಲಿಪ್‌ಸ್ಟಿಕ್ಕಿನ ಜೊತೆಗೆ! ಸೋದರತ್ತೆ ನೋಡಿದ್ದರೆ ಏನಾಗುತ್ತಿತ್ತೋ. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ, ಬಾಯಿ ತೆರೆಯುವ ಅರ್ಹತೆ ನನಗೆಲ್ಲಿತ್ತು?

ಸೇಲ್ಸ್‌ಮನ್ ಕೂಡ ಅದೇ ಬಸ್ಸಿಗೆ ಬಂದ. ಇವರು ಯಾರು ಎಂದು ಅವಳು ಕೇಳಿದಾಗ, "ನನಗೆ ಆಟದ ಗಂಧಗಾಳಿ ಇಲ್ಲ, ಅದಕ್ಕೆ ನನ್ನ ಟಿಕೆಟ್ ಇವರ ಹೆಂಡತಿಗೆ ಕೊಟ್ಟೆ," ಎಂದೆ. ಎರಡನೆಯ ಸುಳ್ಳು. ಅವನು ಕಿಟಕಿಯಾಚೆ ಮುಖ ತಿರುಗಿಸಿದ. ಅವಳು ಅವನನ್ನು ಅಣ್ಣ ಎನ್ನುವ ಅವರ ಮಾತಿನಲ್ಲಿ 'ಕುಯಾ' ಎಂದು ಕರೆದು, ಅಪ್ಪನ ವಿಷಯ ಹೇಳತೊಡಗಿದಳು. ದುಬೈ ಬರುವತನಕ ಇಬ್ಬರೂ ಅವರ ಭಾಷೆಯಲ್ಲಿ ಮಾತಾಡುತ್ತಲೇ ಇದ್ದರು. ನಡುನಡುವೆ ನಕ್ಕರು. ನನಗೆ ಏನೊಂದೂ ತಿಳಿಯಲಿಲ್ಲ, ಪ್ರತಿ ಸಲ ನಕ್ಕಾಗಲೂ ನನ್ನ ವಿಷಯ ಹೊರಬಿತ್ತೇನೋ ಎಂದು ಬೆವರಿದೆ.

ಒಳಾಂಗಣದ ಬಾಗಿಲಲ್ಲಿ ಜಾತ್ರೆಯಷ್ಟು ಜನ. ದಾದಿಯರು, ಹೋಟೆಲಿನವರು, ಸೆಕ್ಯುರಿಟಿಯವರು, ಮಕ್ಕಳನ್ನೆತ್ತಿಕೊಂಡ ಅಪ್ಪಂದಿರು, ಎಲ್ಲರೂ ಫಿಲಿಪಿನೋಗಳು, ಅರ್ಧಕ್ಕರ್ಧ ಜನ ಹಳದಿ, ಉಳಿದವರು ಕೆಂಪು. ಸೇಲ್ಸ್‌ಮನ್ನನ ಹೆಂಡತಿ ನನ್ನ ಗೆಳತಿಯ ಕೈ ಹಿಡಿದು ಒಳಗೆ ಕರೆದೊಯ್ದಳು. ನಾನೂ ಅವನೂ ಹೊರಗಿನ ಹಾಲಿನಲ್ಲಿ ಕಂಬಕ್ಕೊರಗಿ ನಿಂತು ಅವನ ಫೋನಿಗೆ ಕಣ್ಣಿಟ್ಟೆವು. ಗೋಡೆಯಾಚೆಯಿಂದ ಮೊದಲು ಕೂಗು ಕೇಳುತ್ತಿತ್ತು, ಸ್ವಲ್ಪ ಹೊತ್ತಿನ ಮೇಲೆ ಫೋನಿನಲ್ಲಿ ಚೆಂಡು ಬುಟ್ಟಿಗೆ ಬೀಳುತ್ತಿತ್ತು. ನನ್ನ ತಲೆ ಗಿರ್ರೆಂದಿತು.

ಕ್ಯಾಮೆರಾ ಬೆಂಚಿನ ಕಡೆ ತಿರುಗಿದಾಗಲೆಲ್ಲ ನಾನು ಫೋನಿಗೆ ಮೂಗು ತಾಗಿಸಿದೆ. ಏನು ಪ್ರಯೋಜನ? ಬೆಂಚಿನ ಹಿಂದೆ ಕೂತವರೆಲ್ಲ ಹಳದಿಯೇ. ನೂರು ಹಳದಿ ಅಂಗಿ, ನೂರು ಕುಣಿಯುವ ತಲೆ. ಯಾರು ಅವಳು? ನನಗೇ ಗುರುತು ಸಿಗದಿದ್ದರೆ ಅಲ್ಲಿ ಪೆಟ್ಟಿಗೆಯ ಸುತ್ತ ಕೂತವರಿಗೆ ಹೇಗೆ ಸಿಗಬೇಕು?

ಅರ್ಧ ಆಟ ಮುಗಿದಾಗ ಅವಳ ಮೆಸೇಜು ಬಂತು: ಕಂಡೆನಾ? ನಾನು ಇಲ್ಲ ಎಂದು ಬರೆದೆ. ಈ ಸಲ ಸುಳ್ಳು ಬರೆಯಲು ಬೆರಳು ಬರಲಿಲ್ಲ. ಅಮ್ಮನೂ ಇಲ್ಲ ಅಂದಳು ಎಂದು ಉತ್ತರ ಬಂತು.

ನಾಲ್ಕು ಭಾಗದ ಆಟದಲ್ಲಿ ಮೂರನೆಯದೂ ಹಾಗೇ ಕಳೆಯಿತು. ಸೇಲ್ಸ್‌ಮನ್ ತನ್ನ ಕೆಂಪು ತಂಡ ಮುಂದಿದ್ದರೂ ಉಸಿರೆತ್ತುತ್ತಿರಲಿಲ್ಲ. "ಹಳದಿಯವರು ಟೈಮ್‌ಔಟ್ ತಗೋಬೇಕು," ಎಂದು ಗೊಣಗುತ್ತಿದ್ದ. "ಟೈಮ್‌ಔಟ್ ತಗೊಂಡ್ರೆ ಎಲ್ಲರೂ ಬೆಂಚಿಗೆ ಬರ್ತಾರೆ, ಕ್ಯಾಮೆರಾನೂ ಬರುತ್ತೆ. ತಗೋರಪ್ಪಾ!" ತನ್ನ ತಂಡ ಸೋಲಲಿ, ಹಳದಿಯವರ ಕಡೆ ಕ್ಯಾಮೆರಾ ತಿರುಗಲಿ ಎಂದು ಬೇಡುವ ಸ್ಥಿತಿಗೆ ಆ ಮನುಷ್ಯನನ್ನು ತಂದವಳು ನಾನು. ಆಟ ಮುಗಿಯಲು ಎರಡೇ ನಿಮಿಷ ಉಳಿದಿತ್ತು. ದೇವರೇ, ನಾನು ಮಾಡಿದ ತಪ್ಪಿಗೆ ಇವಳು ಅಪ್ಪನ ಕಣ್ಣಿಗೆ ಬೀಳದೇ ಹೋಗುತ್ತಾಳೇನೋ ಎಂದು ನನಗೆ ಅಳು ಒತ್ತರಿಸಿ ಬಂತು.

ಸೀಟಿ ಊದಿದರು. ಆಟಗಾರರು ಬೆಂಚಿನ ಸುತ್ತ ಗುಂಪುಗೂಡಿದರು. ಕ್ಯಾಮೆರಾ ಅವರ ತಲೆಯ ಮೇಲಿಂದ ಮೆಲ್ಲಗೆ ಹಿಂದಕ್ಕೆ ಸರಿಯಿತು. ಅಷ್ಟೊಂದು ಹಳದಿಯ ನಡುವೆ ಒಂದೇ ಒಂದು ಕಪ್ಪು. ಅವಳು ಜೆರ್ಸಿ ಬಿಚ್ಚಿ, ಒಳಗಿನ ಕಪ್ಪು ಟೀಶರ್ಟಿನಲ್ಲಿ ಕುರ್ಚಿಯ ಮೇಲೆ ಹತ್ತಿ ನಿಂತಿದ್ದಳು. ಬೀಳದಂತೆ ಸೇಲ್ಸ್‌ಮನ್ನನ ಹೆಂಡತಿ ಅವಳ ಸೊಂಟ ಹಿಡಿದಿದ್ದಳು. ಅಪ್ಪನ ಜೆರ್ಸಿಯನ್ನು ಎರಡು ಭುಜ ಹಿಡಿದು, ಒಣಗಿಸಲು ಹಾಕುವ ಹಾಗೆ ಅಗಲವಾಗಿ ಎದುರಿಗೆ ಹಿಡಿದಿದ್ದಳು. ಕೂಗುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ನೇರ ಕ್ಯಾಮೆರಾದೊಳಗೆ ನೋಡಿ ಒಂದು ಮಾತು ಹೇಳಿದಳು, ತುಟಿ ಅಲ್ಲಾಡಿದ್ದು ಕಂಡಿತು.

"ಅವಳೇ! ಅವಳೇ ಕಣ್ರೀ!" ಎಂದು ನಾನು ಕನ್ನಡದಲ್ಲೇ ಕಿರುಚಿ ಆ ಅಪರಿಚಿತನ ತೋಳು ಜಗ್ಗಿದೆ. ಅವನು ಕಣ್ಣೊರೆಸಿಕೊಳ್ಳುತ್ತಾ ಏನೇನೋ ಹೇಳುತ್ತಿದ್ದ. ಯಾರು ಗೆದ್ದರೆಂದು ನಾನು ನೋಡಲೂ ಇಲ್ಲ.

ಹೊರಗೆ ಬಂದವಳು ಜನರನ್ನು ಸರಿಸಿಕೊಂಡು ನೇರ ನನ್ನ ಹತ್ತಿರ ಬಂದಳು. "ಟಿಕೆಟ್ ವಿಷಯ ಇವರ ಹೆಂಡತಿ ಒಳಗೆ ಹೇಳಿದಳು," ಎಂದಳು.

ನೆಲ ಬಾಯಿಬಿಡಬಾರದೇ ಅನ್ನಿಸಿತು. "ನಮ್ಮಲ್ಲಿ ಸಾವಾದ್ರೆ ಇಂಥದಕ್ಕೆಲ್ಲ ಹೋಗಲ್ಲ. ನಿನಗೆ ನೋವಾಗಬಾರದು ಅಂತ..." ಎಂದು ತೊದಲಿದೆ.

"ನನ್ನ ಕೇಳಬಹುದಿತ್ತು."

"ಹೌದು, ಕೇಳಬೇಕಿತ್ತು."

"ಎಷ್ಟು ಕೋಪ ಬಂತು ಗೊತ್ತಾ ಆತೆ? ಎದ್ದು ಬಂದು ನಿನ್ನನ್ನ ಚೆನ್ನಾಗಿ ಬೈಬೇಕು ಅಂದ್ಕೊಂಡೆ. ಎದ್ದರೆ ಕ್ಯಾಮೆರಾ ತಪ್ಪುತ್ತಲ್ಲ, ಅದಕ್ಕೆ ಕೂತೆ."

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಅವಳ ಅಮ್ಮ, ವಿಡಿಯೊ ಕಾಲಿನಲ್ಲಿ. ಪರದೆಯಲ್ಲಿ ಹೂವು, ದೀಪ, ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕಿಕ್ಕಿರಿದ ಜನ, ನಡುವೆ ಗಾಜಿನ ಮುಚ್ಚಳದ ಬಿಳಿ ಪೆಟ್ಟಿಗೆ. ತಾಯಿ ಮಗಳು ಇಬ್ಬರೂ ಒಟ್ಟಿಗೇ ಮಾತಾಡಿದರು, ಯಾರ ಮಾತನ್ನು ಯಾರು ಕೇಳಿದರೋ. ಆಮೇಲೆ ಅವಳು ಫೋನನ್ನು ನನ್ನತ್ತ ತಿರುಗಿಸಿದಳು.

"ನಿನ್ನ ಕರೀತಿದ್ದಾಳೆ. ನನ್ನ ಮಗಳನ್ನ ಅವರಪ್ಪನ ಹತ್ರ ಕರ್ಕೊಂಡು ಬಂದ ಅಕ್ಕ ಯಾರು, ಮುಖ ತೋರಿಸಲಿ ಅಂತ."

ಕರೆದುಕೊಂಡು ಬಂದವಳು! ಇಲ್ಲ ಎಂದು ನನ್ನ ಗೆಳತಿ ತಿದ್ದಲಿಲ್ಲ. ಫೋನು ಹಿಡಿದು ಹಾಗೇ ನಿಂತಳು. ನಾನು ಅಷ್ಟು ಜನರ ಓಡಾಟದ ನಡುವೆ ಚಪ್ಪಲಿ ಬಿಟ್ಟು, ಆ ಸಣ್ಣ ಪರದೆಗೆ ಕೈಮುಗಿದೆ. "ತಪ್ಪಾಯ್ತಮ್ಮ," ಎಂದೆ. ಬೇರೆ ಯಾವ ಭಾಷೆಯಲ್ಲೂ ಆ ಹೊತ್ತಿಗೆ ಮಾತು ಬರಲಿಲ್ಲ. ಆ ಮುದುಕಿ ತಲೆಯಾಡಿಸಿ ಮೆಲ್ಲಗೆ ಏನೋ ಕೇಳಿದರು.

"ನಿನ್ನ ಊಟ ಆಯ್ತಾ ಅಂತ ಕೇಳ್ತಿದ್ದಾಳೆ," ಎಂದಳು ನನ್ನ ಗೆಳತಿ.

ನಾನು ಅಲ್ಲೇ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಸಾವಾದದ್ದು ಅವಳ ಮನೆಯಲ್ಲಿ, ಸಮಾಧಾನ ಮಾಡಿಸಿಕೊಂಡದ್ದು ನಾನು.

ಸೇಲ್ಸ್‌ಮನ್ನೂ ಅವನ ಹೆಂಡತಿಯೂ ಉಳಿದ ಹೊತ್ತನ್ನು ಒಟ್ಟಿಗೆ ಕಳೆಯಲು ಅಲ್ಲಿಂದಲೇ ಹೊರಟರು. ಹೊರಗೆ ಬಂದು ಬಸ್ಸಿಗೆ ಹೋಗೋಣ ಎಂದು ಅವಸರ ಮಾಡಿದೆ. ಅವಳು ನನ್ನ ಮೊಣಕೈ ಹಿಡಿದು ನಿಲ್ಲಿಸಿದಳು. ಅವರಲ್ಲಿ ಸಾವಿನ ಮನೆಗೆ ಹೋದವರು ನೇರ ತಮ್ಮ ಮನೆಗೆ ಹೋಗುವಂತಿಲ್ಲವಂತೆ. ದಾರಿಯಲ್ಲಿ ಎಲ್ಲಾದರೂ ಒಂದು ಕಡೆ ಕೂತು, ಏನಾದರೂ ಕುಡಿದು ಆಮೇಲೆ ಹೋಗಬೇಕು, ಇಲ್ಲವಾದರೆ ಸತ್ತವರು ಹಿಂದೆಯೇ ಬಂದುಬಿಡುತ್ತಾರೆ. ನಮ್ಮಲ್ಲಿ ನೇರ ಮನೆಗೆ ಹೋಗಿ ತಲೆಗೆ ಸ್ನಾನ ಮಾಡಬೇಕು ಎಂದು ನಾಲಿಗೆ ತುದಿಗೆ ಬಂದಿತ್ತು. ಸುಮ್ಮನಾದೆ.

"ಆದ್ರೆ ನಾನು ಎಲ್ಲಿಗೂ ಹೋಗಿಲ್ವಲ್ಲ?" ಎಂದೆ.

"ಈಗ ತಾನೆ ಒಳಗೆ ಬಂದು ಕೈಮುಗಿದೆಯಲ್ಲ ಆತೆ," ಎಂದಳು.

ರಸ್ತೆಯಾಚೆಯ ಕೆಫೆಟೇರಿಯದಲ್ಲಿ ಎರಡು ಕಡಕ್ ಚಹಾ ಹೇಳಿದೆವು. ಅವಳು ಜೆರ್ಸಿಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಳು. ಸೋಮವಾರದಿಂದ ಒಂದು ಹನಿ ಕಣ್ಣೀರು ಹಾಕದವಳು, ಮೊದಲ ಗುಟುಕು ಕುಡಿದು ಲೋಟ ಕೆಳಗಿಟ್ಟು, ಮುಖ ಮುಚ್ಚಿಕೊಂಡು ಅತ್ತಳು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟು ಕೂತೆ. ಬಹಳ ಹೊತ್ತಿನ ಮೇಲೆ ಮೂಗೊರೆಸಿಕೊಂಡು, "ನಾವು ಬಂದಾಯ್ತಲ್ಲ, ಇನ್ನು ನಾಳೆ ಅಪ್ಪನನ್ನ ಮಣ್ಣು ಮಾಡ್ತಾರೆ," ಎಂದಳು.